ಅತ್ತೆಗೆ ಬೇಕಾದ ಪಾಲಿಸಿ

ಕಳೆದ ಶನಿವಾರ ಬೆಳಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ತಿನ್ನುತ್ತಾ ನಾವು ಮೂರೂ ಜನ ಸತ್ತುಹೋದೆವು.

ಮೊದಲು ನಮ್ಮೆಜಮಾನರು. ವಿಮಾನದಲ್ಲೇ ಹೃದಯಾಘಾತ. ಆಮೇಲೆ ನಾನು. ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟು. ಕೊನೆಗೆ ಅತ್ತೆ. ಅವರ ಸಾವಿಗೆ ಸರಿಯಾದ ಕಾರಣವನ್ನೂ ಕೊಡಲಿಲ್ಲ, ‘ಏಜ್ ರಿಲೇಟೆಡ್’ ಅಂತಷ್ಟೇ. ಇಷ್ಟನ್ನೂ ಮಾಡಿದ್ದು ಟ್ರಾವೆಲ್ ಇನ್ಶೂರೆನ್ಸ್ ಕಂಪನಿಯಿಂದ ಫೋನ್ ಮಾಡಿದ ಒಬ್ಬ ಹುಡುಗಿ. ಬಹಳ ಸಿಹಿಯಾದ ದನಿ.

“ಒಂದ್ವೇಳೆ ಹಂಗಾದ್ರೆ ಅಂತ ಅಷ್ಟೇ ಮೇಡಂ, ಆಗುತ್ತೆ ಅಂತಲ್ಲ,” ಅನ್ನುತ್ತಿದ್ದಳು.

ಫೋನು ಸ್ಪೀಕರ್‌ನಲ್ಲಿತ್ತು. ಅವಳ ಒಂದೊಂದು ‘ಒಂದ್ವೇಳೆ’ಗೂ ಅತ್ತೆ ತಟ್ಟೆಯಿಂದ ತಲೆಯೆತ್ತಿ “ಬಿಡ್ತು ಅನ್ನವ್ವ” ಅನ್ನುತ್ತಿದ್ದರು. ಪಾಪ, ಆ ಹುಡುಗಿಯೂ ವಿಧೇಯಳಾಗಿ “ಬಿಡ್ತು ಅಮ್ಮ” ಅಂದು ಮುಂದಿನ ಸಾವಿಗೆ ಹೋಗುತ್ತಿದ್ದಳು.

ನಮ್ಮ ಜನ ಹೇಗೆ ಅಂತ ನಿಮಗೆ ಗೊತ್ತಲ್ಲ. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು. ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಇಂಥವರನ್ನು ಕೂರಿಸಿಕೊಂಡು ಸಾಯುವ ಬಗೆಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿದರೆ ಏನಾಗಬೇಡ? ಆದರೆ ಇನ್ಶೂರೆನ್ಸ್ ಇಲ್ಲದೆ ವೀಸಾ ಇಲ್ಲ. ವೀಸಾ ಇಲ್ಲದೆ ಸ್ಟಾಕ್‌ಹೋಮ್ ಇಲ್ಲ.

ಸ್ಟಾಕ್‌ಹೋಮ್ ಯಾಕೆ ಅಂದರೆ, ನಮ್ಮ ಆಫೀಸಿನವರು ಡಿಸೆಂಬರಿನಲ್ಲಿ ನನ್ನನ್ನು ಎರಡು ವಾರ ಅಲ್ಲಿಗೆ ಕಳಿಸುತ್ತಿದ್ದಾರೆ. ಪೀಣ್ಯದ ಟೂಲ್ ರೂಮಿನಲ್ಲಿ ಮ್ಯಾನೇಜರ್ ಆಗಿರುವ ನಮ್ಮೆಜಮಾನರು ವರ್ಷಗಟ್ಟಲೆ ಉಳಿಸಿದ ರಜೆಯನ್ನು ಒಂದೇ ಸಲಕ್ಕೆ ಹಾಕಿ ನಾನೂ ಬರುತ್ತೇನೆ ಅಂದರು. ಇಬ್ಬರೂ ಹೊರಟರೆ ಅತ್ತೆಯೊಬ್ಬರನ್ನೇ ಬೆಂಗಳೂರಿನ ಹೂಡಿಯಲ್ಲಿ, ಹನ್ನೊಂದನೇ ಮಹಡಿಯ ನಮ್ಮ ಫ್ಲಾಟಿನಲ್ಲಿ ಬಿಡುವುದು ಹೇಗೆ? ಅವರಿಗೂ ಪಾಸ್‌ಪೋರ್ಟ್ ಮಾಡಿಸಿದೆವು.

ನಾನು ಹುಟ್ಟಾ ಪುಕ್ಕಲಿ. ಪ್ಲಾನ್ ಮಾಡಲು ಕೂತ ದಿನದಿಂದ ನಿದ್ದೆಯಿಲ್ಲ. ಆ ಊರಿನ ಫೋಟೋಗಳನ್ನು ನೋಡಿದ್ದೀರಾ? ಎಲ್ಲಿ ನೋಡಿದರೂ ನೀರು. ರಸ್ತೆ ಮುಗಿದಲ್ಲಿ ನೀರು, ಅರಮನೆಯ ಮುಂದೆ ನೀರು, ಆಫೀಸಿಗೆ ಹೋಗುವವರು ದೋಣಿ ಹತ್ತುತ್ತಾರೆ. ಎಲ್ಲರೂ ‘ವಾವ್’ ಅನ್ನುತ್ತಾರೆ. ನನಗೆ ಕಾಣುವುದು ದಡದಲ್ಲಿ ಕಟಾಂಜನ ಇಲ್ಲದ ಜಾಗಗಳು ಮಾತ್ರ. (ಭದ್ರಾ ನಾಲೆಯ ಪಕ್ಕದಲ್ಲಿ ಬೆಳೆದವಳು ನಾನು. ನಾಲೆ ಯಾರ್ಯಾರನ್ನು ಒಯ್ದಿತು ಅಂತ ಕೇಳಿಕೊಂಡೇ ಅನ್ನ ತಿಂದವಳು. ಹೂಡಿಗೆ ಬಂದ ಮೇಲೆ ನೀರು ಅಂದರೆ ಟ್ಯಾಂಕರ್, ಅದಕ್ಕಾದರೂ ಮುಚ್ಚಳ ಇರುತ್ತದೆ.) ಸಾಲದ್ದಕ್ಕೆ ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತದಂತೆ. ಕತ್ತಲು, ನೀರು, ಜಾರುವ ನೆಲ, ಜೊತೆಗೆ ಮಂಡಿನೋವಿನ ಅತ್ತೆ. ಯಾಕಪ್ಪಾ ಒಪ್ಪಿಕೊಂಡೆ ಅನಿಸಿಬಿಟ್ಟಿತ್ತು.

ಆದರೆ ನನಗಿಂತ ಹೆಚ್ಚು ಹೆದರಿದ್ದವರು ಅತ್ತೆ. ಪಾಸ್‌ಪೋರ್ಟ್ ಕೈಗೆ ಬಂದ ದಿನದಿಂದ ಮಾತು ಕಡಿಮೆ ಮಾಡಿದ್ದರು. ಟಿವಿ ಮುಂದೆ ಕೂತರೂ ಕೈ ಮಾತ್ರ ಕೊರಳಲ್ಲಿನ ಕರಡಿಗೆಯ ಮೇಲೆ. ಕರಡಿಗೆ ಅಂದರೆ ನಾವು ಇಷ್ಟಲಿಂಗ ಇಟ್ಟು ಕಟ್ಟಿಕೊಳ್ಳುವ ಪುಟ್ಟ ಬೆಳ್ಳಿ ಡಬ್ಬಿ. ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿಸುತ್ತಾರೆ ಅನ್ನುವ ಭಯವಿರಬೇಕು ಅಂದುಕೊಂಡು ನಾನು ಸಮಾಧಾನ ಹೇಳಿದೆ. ತಲೆಯಾಡಿಸಿದರು. ಚಳಿಯ ಭಯವಿರಬೇಕು ಅಂತ ನಮ್ಮೆಜಮಾನರು ಹೋಗಿ ದಪ್ಪನೆಯ ಜಾಕೆಟ್ ತಂದರು. ಅತ್ತೆ ಮುಟ್ಟಲೂ ಇಲ್ಲ, ಅದು ಬೀರು ಸೇರಿತು. ಊಟದ ಭಯವಿರಬೇಕು ಅಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಲೆಕ್ಕ ಹಾಕಿದೆವು. “ನನಗೆ ಏನೂ ಬ್ಯಾಡವ್ವ, ನೀವು ತಿನ್ರಿ,” ಅಂದರು.

ನಾವು ಹಾಗೇ ಅಲ್ಲವೇ? ವಯಸ್ಸಾದವರ ಭಯ ಏನು ಅಂತ ನಾವೇ ತೀರ್ಮಾನ ಮಾಡುತ್ತೇವೆ. ಅವರನ್ನು ಕೇಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇವೆ.

ಶನಿವಾರದ ಫೋನಿಗೆ ವಾಪಸ್ ಬರೋಣ. ಹುಡುಗಿ ಎಲ್ಲ ಓದಿ ಮುಗಿಸುವ ಹೊತ್ತಿಗೆ, “ಇನ್ನೊಂದು ಬೆನಿಫಿಟ್ ಇದೆ ಮೇಡಂ. ಒಂದ್ವೇಳೆ ಅಲ್ಲೇ ಡೆತ್ ಆದ್ರೆ, ಬಾಡಿನ ಇಂಡಿಯಾಗೆ ವಾಪಸ್ ಕಳಿಸೋದು ಕವರ್ ಆಗುತ್ತೆ,” ಅಂದಳು.

ಈ ಸಲ ‘ಬಿಡ್ತು’ ಬರಲಿಲ್ಲ. ಅತ್ತೆ ತಟ್ಟೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಫೋನಿನ ಹತ್ತಿರ ಬಂದರು.

“ಇನ್ನೊಂದ್ಸಲ ಹೇಳವ್ವ.”

ಹುಡುಗಿ ಅಳುಕಿದಳು. “ಅಮ್ಮ, ಅದು... ಸುಮ್ನೆ ರೂಲ್ಸ್ ಪ್ರಕಾರ ಹೇಳ್ಬೇಕು, ಅದಕ್ಕೆ.”

“ಇರ್ಲಿ, ಹೇಳು. ಅಲ್ಲಿ ಸತ್ರೆ ಅಲ್ಲೇ ಸುಡಂಗಿಲ್ಲ ತಾನೆ?”

ನನ್ನ ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಎಡಗೈಯಲ್ಲಿ ಅವರದೇ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಹುಟ್ಟಿದಾಗ ಕಟ್ಟಿದ ಲಿಂಗ ಕೊನೆಗೂ ಜೊತೆಯಲ್ಲೇ ಹೋಗಬೇಕು. ಇಷ್ಟು ದಿನ ಕೊರಳಿಗೆ ಹೋಗುತ್ತಿದ್ದ ಆ ಕೈ ಏನನ್ನು ಕಾಯುತ್ತಿತ್ತು ಅಂತ ಆಗ ಗೊತ್ತಾಯಿತು.

“ಅಲ್ಲೇ ಮುಗಿಸ್ಬೇಕು ಅಂದ್ರೆ ಅದಕ್ಕೂ ಖರ್ಚು ಕೊಡ್ತಾರೆ ಅಮ್ಮ. ಇಲ್ಲ, ಊರಿಗೇ ಕಳಿಸಿ ಅಂದ್ರೆ ಕಳಿಸ್ತಾರೆ. ಯಾವ್ದು ಅಂತ ನಿಮ್ಮನೆಯವರು ಹೇಳ್ಬೇಕು.”

“ಮನೆಯವರು ಹೇಳ್ಬೇಕಾ?” ಅಂದರು ಅತ್ತೆ. ನಮ್ಮಿಬ್ಬರನ್ನೂ ಒಂದು ಸಲ ನೋಡಿದರು. ಆ ನೋಟ ನನಗೆ ಸ್ಟಾಕ್‌ಹೋಮಿನ ಅಷ್ಟೂ ನೀರಿಗಿಂತ ಹೆಚ್ಚು ಭಯ ಹುಟ್ಟಿಸಿತು.

“ಅವ್ವಾ, ಇದೆಲ್ಲ ಈಗ್ಯಾಕೆ?” ಅಂದರು ನಮ್ಮೆಜಮಾನರು.

“ಮೇಷ್ಟ್ರನ್ನ ನೋಡಿ ಬಂದ್ಮ್ಯಾಲೆ ಕೇಳ್ದೆ ಇರಾಕಾಗ್ಲಿಲ್ಲಪ್ಪ,” ಅಂದರು ಅತ್ತೆ.

ಮೇಷ್ಟ್ರು ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಸಿ ಬ್ಲಾಕಿನವರು. ರಾಣೆಬೆನ್ನೂರು ಕಡೆಯ ನಮ್ಮ ಜನವೇ. ಸಂಜೆ ಪಾರ್ಕಿನಲ್ಲಿ ಅತ್ತೆಯ ಜೊತೆ ಮಳೆ ಬೆಳೆ ಮಾತಾಡುತ್ತಿದ್ದರು. ಎರಡು ತಿಂಗಳ ಹಿಂದೆ ತೀರಿಕೊಂಡರು. ನಾವಿಬ್ಬರೂ ಅವತ್ತು ಆಫೀಸಿನಲ್ಲಿದ್ದೆವು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿದು ಸುಮ್ಮನಾದೆವು. ಅತ್ತೆ ಮಾತ್ರ ಹೋಗಿ ಕೂತಿದ್ದರಂತೆ. ಅಲ್ಲಿ ಏನು ನೋಡಿದರು ಅನ್ನುವುದನ್ನು ಮೊದಲ ಸಲ ಹೇಳಿದ್ದು ಆ ಶನಿವಾರ.

ಊರಿಗೆ ಒಯ್ಯುವುದು ಅಂತಲೇ ಮಗ ಆಂಬುಲೆನ್ಸ್ ಕರೆಸಿದ್ದನಂತೆ. ಅಷ್ಟರಲ್ಲಿ ಊರಿಂದ ಫೋನು, ಮಳೆ ಹಿಡಿದಿದೆ, ಗುಂಡಿ ತೋಡಲು ಜನ ಸಿಗುತ್ತಿಲ್ಲ. ಮೊಮ್ಮಗಳಿಗೆ ಮರುದಿನ ಪರೀಕ್ಷೆ. ಇಲ್ಲೇ ಸುತ್ತಮುತ್ತ ನಮ್ಮವರ ರುದ್ರಭೂಮಿ ಇದೆಯಾ ಅಂತ ಹುಡುಕಿದರಂತೆ, ಯಾರೋ ಲೊಕೇಶನ್ ಕಳಿಸಿದರಂತೆ, ಹೋಗಿ ನೋಡಿದರೆ ಜಾಗ ಭರ್ತಿ. ಎಲ್ಲವೂ ನಿಜವಾದ ಕಾರಣಗಳೇ. ಯಾರೂ ಕೆಟ್ಟವರಲ್ಲ. ಕತ್ತಲಾಗುವ ಮುಂಚೆ ವಿದ್ಯುತ್ ಚಿತಾಗಾರಕ್ಕೆ ಒಯ್ದರು.

“ಕೊಳ್ಳಾಗಿನ ಲಿಂಗ ಬಿಚ್ಚಿ ಮಗನ ಕೈಗೆ ಕೊಟ್ರು. ಎಲ್ಲಿಡ್ಬೇಕು ಅಂತ ಅವನಿಗೂ ತಿಳೀಲಿಲ್ಲ, ಪ್ಯಾಂಟ್ ಜೇಬಿಗೆ ಹಾಕ್ಕಂಡ,” ಅಂದರು ಅತ್ತೆ.

ಹುಡುಗಿಯೇ ಮೆಲ್ಲಗೆ, “ಅಮ್ಮ, ನೀವು ಹೆದರ್ಕೋಬೇಡಿ. ಊರಿಗೇ ಅಂದ್ರೆ ಅಲ್ಲಿಂದ ಕಳಿಸೋದು ಕಂಪನಿ ಜವಾಬ್ದಾರಿ. ಪೇಪರಲ್ಲೇ ಬರೆದಿರುತ್ತೆ,” ಅಂದಳು.

ಅತ್ತೆಯ ಮುಖ ಎಷ್ಟೋ ವಾರಗಳ ನಂತರ ಸಡಿಲವಾಯಿತು. “ಅಂಗಾದ್ರೆ ಬರ್ತೀನಿ ನಡೀರಿ,” ಅಂದರು. ಜಾಕೆಟ್ ಎಲ್ಲಿ ಅಂತಲೂ ಕೇಳಿದರು. ನಮ್ಮೆಜಮಾನರು ನಕ್ಕರು. ನಾನೂ ನಗಬೇಕು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಮತ್ತೆ ಫೋನಿನತ್ತ ಬಾಗಿದರು.

“ವಾಪಸ್ ಬಂದ್ಮ್ಯಾಲೆ?”

“ಇಂಡಿಯಾಗೆ ಬಂದ್ಮೇಲೆ ಪಾಲಿಸಿ ಮುಗಿಯುತ್ತೆ ಅಮ್ಮ.”

“ಅವ್ವಾ, ಇಲ್ಲಿ ನಾನಿಲ್ವಾ? ಊರಿಗೇ ಕರ್ಕೊಂಡು ಹೋಗ್ತೀನಿ. ಅಪ್ಪನ ಪಕ್ಕದಲ್ಲೇ,” ಅಂದರು ನಮ್ಮೆಜಮಾನರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು.

ಅತ್ತೆ ಮಗನ ಕೈ ಸವರಿದರು. “ಮೇಷ್ಟ್ರ ಮಗನೂ ಒಳ್ಳೆ ಹುಡುಗನೇ ಕಣಪ್ಪ. ಅವನೂ ಇದೇ ಮಾತು ಕೊಟ್ಟಿದ್ದ.”

ಇದಕ್ಕೆ ಏನು ಹೇಳುತ್ತೀರಿ? ಆ ದಿನ ಮಳೆ ಬರುವುದಿಲ್ಲ ಅನ್ನಲೇ? ತುಮಕೂರು ರಸ್ತೆಯಲ್ಲಿ ಜಾಮ್ ಇರುವುದಿಲ್ಲ ಅನ್ನಲೇ? ನಮಗೆ ರಜೆ ಸಿಗುತ್ತದೆ ಅನ್ನಲೇ? ಆ ಕ್ಷಣದಲ್ಲಿ ನಾನು ಮೇಷ್ಟ್ರ ಸೊಸೆಯ ಜಾಗದಲ್ಲಿ ನಿಂತು ನೋಡಿದೆ. ನಾನೂ ಸಂಜೆಯೊಳಗೆ ‘ಸರಿ, ಇಲ್ಲೇ ಮುಗಿಸೋಣ’ ಅಂದುಬಿಡುತ್ತೇನೇನೋ ಅನಿಸಿತು.

ಅತ್ತೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಆ ಹುಡುಗಿಯನ್ನೇ ಕೇಳಿದರು:

“ಹೂಡಿಯಿಂದ ನಮ್ಮೂರಿಗೆ ಒಯ್ಯೋ ಪಾಲಿಸಿ ನಿಮ್ಮಲ್ಲಿ ಐತೇನವ್ವ?”