ನಾನು ಕುಡಿಯದ ಬಾವಿಯ ನೀರು

ಹೂ ಹಾಕಿ, ಕೈಮುಗಿದು, ಊಟ ಮಾಡಿ ಬಂದಿದ್ದರೆ ಸಾಕಿತ್ತು. ಮಾತಾಡಿ ಎಂದು ಯಾರೂ ನನಗೆ ದಮ್ಮಯ್ಯ ಹಾಕಿರಲಿಲ್ಲ.

ನಮ್ಮ ಊರಿನ ಇಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷೆಯಾಗಬೇಕೆಂಬ ಆಸೆ ನನಗೆ ಹತ್ತಿದ್ದು ಕಳೆದ ವರ್ಷ. ನಾನು ಪರಿಸರ ಇಂಜಿನಿಯರ್. ಕೊಳಚೆ ನೀರು, ಬಾವಿ ನೀರು, ಕಸ, ಇವೇ ನನ್ನ ಕಸುಬು. ಸಂಘದಲ್ಲಿ ಇಷ್ಟು ಕಾಲ ಅಧ್ಯಕ್ಷರಾದವರೆಲ್ಲ ಕಟ್ಟಡ ಕಟ್ಟುವವರು, ಸೇತುವೆ ಕಟ್ಟುವವರು. ಚಹಾದ ಹೊತ್ತಿಗೆ ನನ್ನನ್ನು ಕಂಡರೆ "ಚರಂಡಿ ಮೇಡಂ ಬಂದ್ರು" ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೊಳಗೇ ಉರಿಯುತ್ತಿತ್ತು. ಒಮ್ಮೆಯಾದರೂ ಆ ಕುರ್ಚಿಯಲ್ಲಿ ಕೂತು ಇವರ ಕೈಯಿಂದಲೇ ಹಾರ ಹಾಕಿಸಿಕೊಳ್ಳಬೇಕು ಎಂದು ಹಟಕ್ಕೆ ಬಿದ್ದೆ.

ಅದಕ್ಕೆ ಒಬ್ಬರು ಒಪ್ಪಬೇಕಿತ್ತು. ಅವರು ಸಂಘದ ಹಿರಿಯರು, ಹಿಂದೆ ಅಧ್ಯಕ್ಷರಾಗಿದ್ದವರು. ಅವರು ಯಾರ ಹೆಸರು ಹೇಳುತ್ತಾರೋ ಉಳಿದವರು ಅದಕ್ಕೇ ಕೈ ಎತ್ತುತ್ತಿದ್ದರು. ನನ್ನ ವಿಷಯ ಎತ್ತಿದರೆ ಮಾತ್ರ "ನೋಡುವ, ನೋಡುವ" ಎಂದು ಜಾರಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವರ ಅಮ್ಮ ತೀರಿಕೊಂಡರು. ತುಂಬಾ ವಯಸ್ಸಾಗಿತ್ತಂತೆ. ನಾನು ಒಮ್ಮೆಯೂ ಅವರನ್ನು ಕಂಡವಳಲ್ಲ. ಉತ್ತರಕ್ರಿಯೆಗೆ, ನಾವು ತುಳುವಿನಲ್ಲಿ ಬೊಜ್ಜ ಎನ್ನುವುದಕ್ಕೆ, ಸಂಘದ ಎಲ್ಲರಿಗೂ ಕರೆ ಬಂತು.

ಕುಲಶೇಖರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೊರಟಾಗ ಗಂಡ ಕೇಳಿದರು, "ನೀನು ಎಂತ ಮಾರಾಯ್ತಿ, ಬೊಜ್ಜಕ್ಕೂ ವೋಟು ಕೇಳ್ಲಿಕ್ಕೆ ಹೋಗುದಾ?"

"ಸುಮ್ಮನೆ ಗಾಡಿ ಬಿಡಿ. ಒಂದು ಮುಖ ತೋರಿಸಿ ಬರುದು, ಅಷ್ಟೇ."

ಅಷ್ಟೇ ಆಗಬೇಕಿತ್ತು. ಹಾಲ್‌ನಲ್ಲಿ ಫೋಟೋಗೆ ಹಾರ ಹಾಕಿ, ಎದುರು ಹೂವಿನ ತಟ್ಟೆ ಇಟ್ಟಿದ್ದರು. ಊಟಕ್ಕೆ ಮುಂಚೆ ನುಡಿನಮನ. ನೆರೆಮನೆಯವರೊಬ್ಬರು ಎದ್ದು, ಆ ಅಮ್ಮ ಉರ್ವದಲ್ಲಿ ಮಗಳ ಜೊತೆಗಿದ್ದರು, ಬೇಸಿಗೆಯಲ್ಲಿ ನಳ್ಳಿ ನೀರು ಬಾರದಿದ್ದಾಗ ತಮ್ಮ ಬಾವಿಯ ನೀರನ್ನು ಅಕ್ಕಪಕ್ಕದವರಿಗೆಲ್ಲ ಕೊಡುತ್ತಿದ್ದರು ಎಂದು ಹೇಳಿ ಕೂತರು. ಮೈಕ್ ಹಿಡಿದವರು, "ಇನ್ನು ಯಾರಾದ್ರೂ ಎರಡು ಮಾತು ಹೇಳುವವರು ಉಂಟಾ?" ಎಂದರು. ಬಾವಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದು ನಿಂತಿದ್ದೆ.

"ಎರಡು ವರ್ಷದ ಹಿಂದೆ ಉರ್ವದ ಬಾವಿಗಳ ನೀರು ಪರೀಕ್ಷೆಗೆ ಹೋಗಿದ್ದೆ," ಎಂದು ಶುರುಮಾಡಿದೆ. "ಬಿಸಿಲಲ್ಲಿ ಬಂದ ನನ್ನನ್ನು ಈ ಅಮ್ಮ ಜಗಲಿಯಲ್ಲಿ ಕೂರಿಸಿ, ಬೆಲ್ಲದ ತುಂಡು ಕೊಟ್ಟು, ಬಾವಿಯ ನೀರು ಕುಡಿಸಿದರು. ಅಂಥ ನೀರು ನಾನು ಬೇರೆಲ್ಲೂ ಕುಡಿದಿಲ್ಲ. ನನಗೆ ಅವರು ತಾಯಿಯ ಹಾಗೆಯೇ ಕಂಡರು." ನಡುವೆ ಒಮ್ಮೆ ಗಂಟಲು ಕಟ್ಟಿದ ಹಾಗೆಯೂ ಮಾಡಿದೆ. ಥೂ! ಉರ್ವಕ್ಕೆ ಹೋದದ್ದು ನಿಜ. ಆ ಮನೆ ಸುಳ್ಳು, ಬೆಲ್ಲ ಸುಳ್ಳು, ನೀರೂ ಸುಳ್ಳು. ಹಿರಿಯರು ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ನನ್ನ ಗಂಡ ಮಾತ್ರ ತಮ್ಮ ಚಪ್ಪಲಿಯನ್ನೇ ನೋಡುತ್ತಾ ಕೂತಿದ್ದರು.

ಊಟ ಮುಗಿಸಿ ಗಂಡನ ಜೊತೆ ಕೈ ತೊಳೆಯುತ್ತಿದ್ದಾಗ ಹಿರಿಯರ ತಂಗಿ ನನ್ನನ್ನು ಹುಡುಕಿಕೊಂಡು ಬಂದರು. ಅಮ್ಮನ ಜೊತೆಗಿದ್ದ ಮಗಳು ಅವರೇ, ಬ್ಯಾಂಕಿನಲ್ಲಿ ಕೆಲಸ. ಒದ್ದೆ ಕೈಯನ್ನೇ ಹಿಡಿದುಕೊಂಡು, "ನಾನು ಹಗಲೊತ್ತು ಮನೆಯಲ್ಲಿ ಇರುದಿಲ್ಲ ಮೇಡಂ. ನೀವು ಬಂದದ್ದು ಅಮ್ಮ ಹೇಳ್ಲೇ ಇಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಆಗ ನೀರು ಸರಿ ಇತ್ತಾ? ಅಮ್ಮ ಎರಡು ಮೂರು ವರ್ಷದಿಂದ ಒಂದೇ ಹಟ. ಬಾವಿ ನೀರು ವಾಸನೆ ಬರ್ತದೆ, ಯಾರನ್ನಾದ್ರೂ ಕರ್ಸಿ ತೋರ್ಸಿ ಅಂತ. ನಮಗೆ ಯಾರಿಗೂ ವಾಸನೆ ಗೊತ್ತಾಗ್ತಿರ್ಲಿಲ್ಲ. ಅರಳು ಮರಳು ಅಂತ ಅಣ್ಣ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಮಾತ್ರೆ ಶುರು ಮಾಡಿಸಿದ್ರು. ಆ ಮಾತ್ರೆ ತಗೊಂಡ್ರೆ ಅಮ್ಮ ಇಡೀ ದಿನ ತೂಕಡಿಸ್ತಾ ಇದ್ರು."

ಹಿರಿಯರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಿದೆ. ನಾನು ಏನು ಹೇಳಬೇಕೆಂದು ಆ ಮುಖದಲ್ಲೇ ಇತ್ತು.

"ಒಳ್ಳೆ ನೀರು ಅಕ್ಕ. ಎಂತದೂ ತೊಂದರೆ ಇರ್ಲಿಲ್ಲ," ಎಂದೆ.

"ನೋಡು, ನಾನು ಎಂತ ಹೇಳ್ತಿದ್ದೆ ನಿನಗೆ?" ಎಂದರು ಹಿರಿಯರು ತಂಗಿಗೆ. ತಂಗಿ ನನ್ನ ಕೈ ಬಿಟ್ಟು ತಲೆ ಆಡಿಸಿ ಒಳಗೆ ಹೋದರು. ಹಿರಿಯರು ನನ್ನನ್ನು ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಅದಾದ ಮೇಲೆ ಎಲ್ಲ ಸಲೀಸು. "ಈ ಸಲ ನೀವೇ ನಿಲ್ಲಿ, ನಾನೇ ಹೆಸರು ಸೂಚಿಸ್ತೇನೆ" ಎಂದು ಅವರೇ ಫೋನ್ ಮಾಡಿದರು. ಎದುರು ಯಾರೂ ನಿಲ್ಲಲಿಲ್ಲ. ಪದಗ್ರಹಣದ ದಿನ ನನಗೆ ಹಾರ ಹಾಕಿ, "ನನ್ನ ಅಮ್ಮನ ಬಾವಿಯ ನೀರು ಕುಡಿದ ಮಗಳು ಇವರು" ಎಂದು ಮೈಕಿನಲ್ಲಿ ಹೇಳಿದರು. ಚರಂಡಿ ಮೇಡಂ ಎನ್ನುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕಾದದ್ದು ಅದಕ್ಕೇ. ಅದು ಸಿಕ್ಕಿದಾಗ ನನ್ನ ಮೈ ಹಿಡಿಯಷ್ಟಾಗಿತ್ತು. ಮನೆಗೆ ಬಂದು ಹಾರ ತೆಗೆದಿಟ್ಟಾಗ ಗಂಡ, "ಆ ಮುದುಕಿಗೆ ಕೊನೆಗೂ ಹುಚ್ಚು ಅಂತ ಸರ್ಟಿಫಿಕೇಟು ಕೊಟ್ಟದ್ದು ನೀನೇ ಅಲ್ವ?" ಎಂದರು. ನನಗೆ ಕೋಪ ನೆತ್ತಿಗೇರಿತು. ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸಿದ ಮೇಲೆ ಅತ್ತೆ.

ಮರುವಾರ ನೀರಿನ ಮಾದರಿಗೆಂದು ಬಾಟಲಿ ಹಿಡಿದುಕೊಂಡು ಉರ್ವಕ್ಕೆ ಹೋದೆ. "ಬೇಸಿಗೆ ಅಲ್ವ ಅಕ್ಕ, ಇನ್ನೊಮ್ಮೆ ನೋಡುವ," ಎಂದು ಹಿರಿಯರ ತಂಗಿಗೆ ಮೊದಲೇ ಫೋನ್ ಮಾಡಿದ್ದೆ. ಪಾಪ, ಅವರು ರಜೆ ಹಾಕಿ ನನಗಾಗಿ ಕಾದಿದ್ದರು. ನೀರು ಸೇದಿದ ಕೊಡಪಾನ ಮೇಲೆ ಬಂದಾಗ ಬಗ್ಗಿ ಮೂಸಿದೆ. ತೆಳುವಾಗಿ, ಇದೆಯೋ ಇಲ್ಲವೋ ಎಂಬಷ್ಟು, ಒಂದು ವಾಸನೆ. ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ಮೂಗಿಗೆ ಅದು ಸಾಕಾಗಿತ್ತು. ಲ್ಯಾಬಿನಿಂದಲೂ ಅದೇ ಬಂತು: ಒಳಚರಂಡಿಯ ನೀರು ಎಲ್ಲಿಂದಲೋ ಸೋರಿ ಬಾವಿಗೆ ಸೇರುತ್ತಿದೆ, ಇವತ್ತು ನಿನ್ನೆಯದಲ್ಲ.

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಮತ್ತೆ ಹೋದೆ. ಅಕ್ಕ ಪೂರ್ತಿ ಕೇಳಿಸಿಕೊಂಡು ಜಗಲಿಯಲ್ಲೇ ಕೂತುಬಿಟ್ಟರು. "ಹಾಗಾದ್ರೆ ಅಮ್ಮ ಹೇಳಿದ್ದು ಸರಿಯೇ," ಎಂದರು. ಮತ್ತೆ ನನ್ನನ್ನೇ ಸಮಾಧಾನ ಮಾಡುವವರ ಹಾಗೆ, "ಅಲ್ಲ, ನೀವು ಬಂದಾಗ ಸರಿ ಇತ್ತಲ್ಲ. ಆಮೇಲೆ ಹಾಳಾದದ್ದಿರ್ಬೇಕು, ಅಲ್ವ ಮೇಡಂ?" ಎಂದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಕುರ್ಚಿಯೂ ಉಳಿಯುತ್ತಿತ್ತು, ಹಿರಿಯರ ವಿಶ್ವಾಸವೂ. ಆ ಅಮ್ಮ ಮಾತ್ರ ಇನ್ನೊಮ್ಮೆ ಹುಚ್ಚಿಯಾಗುತ್ತಿದ್ದರು.

"ನಾನು ಬಂದೇ ಇರ್ಲಿಲ್ಲ ಅಕ್ಕ," ಎಂದೆ. "ನಿಮ್ಮ ಅಮ್ಮನನ್ನು ನಾನು ನೋಡಿಯೇ ಇಲ್ಲ. ಅಧ್ಯಕ್ಷೆ ಆಗ್ಲಿಕ್ಕೆ ಹಾಗೆ ಹೇಳಿದ್ದು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡದೆ ಎದ್ದು ನಿಂತು, "ಬೆಲ್ಲ ಕೊಟ್ಟದ್ದೂ ಸುಳ್ಳಾ? ನಾನು ಅದನ್ನು ಎಷ್ಟು ಜನಕ್ಕೆ ಹೇಳಿದ್ದೇನೆ ಗೊತ್ತುಂಟಾ?" ಎಂದರು.

"ಅಣ್ಣನಿಗೆ ನಾನು ಹೇಳುದಿಲ್ಲ," ಎಂದರು ಕೊನೆಗೆ. "ನೀವೇ ಹೇಳಿ. ಅಮ್ಮ ಸರಿ ಇದ್ರು ಅಂತ ಹೇಳಿ. ಮೈಕಿನಲ್ಲಿ ಹೇಳಿದ್ದಲ್ವ, ಮೈಕಿನಲ್ಲೇ ಹೇಳಿ."

ಸಂಘದ ಮುಂದಿನ ಸಭೆಯಲ್ಲಿ ಮೊದಲ ಮಾತು ಅಧ್ಯಕ್ಷೆಯದು. ಎದ್ದು ನಿಂತು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಉರ್ವದ ಒಂದು ಬಾವಿಯ ವಿಷಯ ಹೇಳಲಿಕ್ಕುಂಟು," ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರ ಮುಖ ಅರಳಿತು. ಪಕ್ಕದವರು ಏನೋ ಮಾತಾಡುತ್ತಿದ್ದರು. ಅವರ ತೊಡೆಯ ಮೇಲೆ ಕೈ ಇಟ್ಟು, "ಶ್, ನಮ್ಮ ಅಮ್ಮನ ವಿಷಯ ಮಾರಾಯ್ರೆ, ಸ್ವಲ್ಪ ಕೇಳಿ," ಎಂದು ಸುಮ್ಮನಾಗಿಸಿದರು.