ಸ್ಟಾಕ್‌ಪೋರ್ಟ್‌ನ ಗೃಹಪ್ರವೇಶಕ್ಕೆ ಶಾಮ್ ಊದಿದ್ದು

ಮಗಳ ಶಾಲೆಯಲ್ಲಿ ಮಧ್ಯಯುಗದ ಯುರೋಪಿನ ಪಾಠ ನಡೆಯುತ್ತಿತ್ತು. ಹತ್ತಿರದ ಚರ್ಚ್ ಹಾಲ್‌ನಲ್ಲಿ ಆ ಕಾಲದ ವಾದ್ಯ, ಕುಣಿತಗಳನ್ನು ತೋರಿಸುತ್ತಾರೆಂದು ಟೀಚರ್ ಹೇಳಿದ್ದರಂತೆ. ಶನಿವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೊರಟೆ. ಇಂಗ್ಲೆಂಡಿನ ಬರ್ಚ್‌ವುಡ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದಲ್ಲೇ ಕೂರುವ ಬೆಂಗಳೂರಿನ ಗೆಳೆಯನೂ ಸಂಸಾರ ಸಮೇತ ಬಂದ.

ಹಾಲ್‌ನಲ್ಲಿ ಒಬ್ಬಾಕೆ ಮಡಿಲಲ್ಲಿ ಪೆಟ್ಟಿಗೆಯಂಥದ್ದನ್ನು ಇಟ್ಟುಕೊಂಡು ಹಿಡಿಕೆ ತಿರುಗಿಸುತ್ತಿದ್ದರು. ಒಳಗಿನ ಚಕ್ರ ತಂತಿಗೆ ಉಜ್ಜಿ ನಿಲ್ಲದ ಶ್ರುತಿ ಹೊರಡುತ್ತಿತ್ತು. ಇನ್ನೊಂದು ಕಡೆ ಜನ ಕೈ ಕೈ ಹಿಡಿದು ವೃತ್ತವಾಗಿ ಸುತ್ತುತ್ತಿದ್ದರು. ಅಷ್ಟರಲ್ಲಿ ಆ ಗುಂಪನ್ನು ನಡೆಸುವ ವಯಸ್ಸಾದ ಮೇಷ್ಟ್ರು ಉದ್ದನೆಯ ಮರದ ಕೊಳವೆಯೊಂದನ್ನು ಬಾಯಿಗಿಟ್ಟು ಊದಿದರು. ನನ್ನ ಮೈ ಜುಮ್ಮೆಂದಿತು. ಅದು ನಮ್ಮೂರ ವಾಲಗದ ದನಿ.

ಅದರ ಹೆಸರು ಶಾಮ್ ಎಂದರು ಮೇಷ್ಟ್ರು. ಪೂರ್ವ ದೇಶಗಳಿಂದ ಯುರೋಪಿಗೆ ಬಂದ ವಾದ್ಯವಂತೆ. ಬಯಲಿನಲ್ಲಿ, ಮದುವೆಯಲ್ಲಿ, ಮೆರವಣಿಗೆಯಲ್ಲಿ ಊದುತ್ತಿದ್ದರಂತೆ. ಊದುವವರು ಊರೂರು ಅಲೆಯುವ ಜನ. "ಮದುವೆಗೆ ಅವರು ಬೇಕು. ಆದರೆ ಅವರ ಮನೆಗೆ ಮಗಳನ್ನು ಕೊಡುವವರಿರಲಿಲ್ಲ" ಎಂದು ನಕ್ಕರು. ಎಲ್ಲರೂ ನಕ್ಕರು. ನಾನು ನೆಲ ನೋಡಿದೆ.

ಯಾರಾದರೂ ಪ್ರಯತ್ನಿಸುತ್ತೀರಾ ಎಂದಾಗ ಮಗಳು ಕೂಗಿಬಿಟ್ಟಳು. "ಮೈ ಡ್ಯಾಡ್ ಕ್ಯಾನ್! ಅಜ್ಜ ಇದನ್ನೇ ಮದುವೆಗಳಲ್ಲಿ ಪ್ಲೇ ಮಾಡ್ತಿದ್ರು!"

ನಮ್ಮಪ್ಪ ಉಡುಪಿ ಕಡೆಯ ದೇವಸ್ಥಾನದಲ್ಲಿ, ಸುತ್ತಲಿನ ಮದುವೆಗಳಲ್ಲಿ ಊದುತ್ತಿದ್ದರು. ಅವರಪ್ಪನೂ ಅದನ್ನೇ ಮಾಡಿದವರು. ಚಿಕ್ಕವನಿದ್ದಾಗ ಅವರ ಪಕ್ಕ ಕೂತು ನಾನೂ ಕಲಿತೆ. ಶಾಲೆಯಲ್ಲಿ ಹುಡುಗರು ನನ್ನನ್ನು ಕಂಡರೆ ಕೆನ್ನೆ ಉಬ್ಬಿಸಿ 'ಪೇ' ಎನ್ನುತ್ತಿದ್ದರು. ಎಂಜಿನಿಯರಿಂಗ್ ಸೇರಿದ ಮೇಲೆ ವಾದ್ಯ ಮುಟ್ಟಲಿಲ್ಲ. ಅಪ್ಪ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಕೇಳದೆಯೇ ತೀರಿಕೊಂಡರು. ಮಗಳಿಗೆ ಅಜ್ಜನ ಕತೆಯನ್ನೂ ನಾನು ಕಲಿತದ್ದನ್ನೂ ಹೇಳಿದ್ದವಳು ನನ್ನ ಹೆಂಡತಿ.

ಮೇಷ್ಟ್ರು ಶಾಮ್ ಕೈಗಿತ್ತರು. ಬಾಯಿಗಿಡುವ ಪೀಪಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿದೆ. ಮೊದಲು ಬರೀ ಗಾಳಿ, ಆಮೇಲೆ ಕೀರಲು ದನಿ. ತೂತುಗಳ ಅಂತರ ಬೇರೆಯಿತ್ತು, ಬೆರಳು ತಡಕಾಡಿತು. ಆಮೇಲೆ ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಉಸಿರೆಳೆಯುವುದು ತಾನಾಗಿ ಬಂತು. ಸ್ವರ ಕಡಿಯದೆ ಹರಿಯಿತು. ಮೇಷ್ಟ್ರು ನನ್ನ ಕೆನ್ನೆಯನ್ನೇ ನೋಡುತ್ತ ನಿಂತರು. ಮುಗಿದಾಗ ಚಪ್ಪಾಳೆ ಬಿತ್ತು. ಗೆಳೆಯನ ಹೆಂಡತಿ ಮಾತ್ರ ಗಂಡನ ಮುಖ ನೋಡಿದಳು. "ಓ, ಇವ್ರು ಅವ್ರಾ" ಎಂಬಂಥ ನೋಟ. ನನ್ನ ಕಿವಿ ಕಾದವು.

ಗೆಳೆಯ ಬೆನ್ನು ತಟ್ಟಿದ. "ಏನ್ ಗುರೂ, ಹೇಳ್ಲೇ ಇಲ್ವಲ್ಲ ಇಷ್ಟು ದಿನ!"

ಮೇಷ್ಟ್ರು ಗುಂಪಿಗೆ ಸೇರಿಸಿಕೊಂಡು, ಅಭ್ಯಾಸಕ್ಕೆಂದು ಒಂದು ಶಾಮ್ ಮನೆಗೂ ಕೊಟ್ಟರು. ವಾರಕ್ಕೊಮ್ಮೆ ಹೋಗತೊಡಗಿದೆ. ಅಲ್ಲಿ ಯಾರಿಗೂ ನನ್ನ ಮನೆತನ ಬೇಕಿರಲಿಲ್ಲ, ಅದೊಂದು ಸುಖ.

ಬೇಸಿಗೆಯಲ್ಲಿ ಗೆಳೆಯ ಸ್ಟಾಕ್‌ಪೋರ್ಟ್‌ನಲ್ಲಿ ಹೊಸ ಮನೆ ಕೊಂಡ. ಕ್ಯಾಂಟೀನ್‌ನಲ್ಲಿ ಕರೆದ. "ಸಂಡೇ ಗೃಹಪ್ರವೇಶ. ಎಲ್ರೂ ಯೂಟ್ಯೂಬಲ್ಲಿ ನಾದಸ್ವರ ಹಾಕ್ತಾರೆ. ನೀನೇ ಊದಿದ್ರೆ ಎಷ್ಟು ಚೆನ್ನಾಗಿರುತ್ತೆ! ಪ್ಲೀಸ್ ಗುರೂ."

ಆಗಲ್ಲ ಎನ್ನಬೇಕಿತ್ತು. ಅಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಏನು ಹೇಳಲಿ? "ಆಯ್ತು" ಅಂದೆ.

ಹೆಂಡತಿಗೆ ಆಸ್ಪತ್ರೆಯ ಡ್ಯೂಟಿ. ನಾನು, ಮಗಳು ಹೋದೆವು. ರೇಷ್ಮೆ ಪಂಚೆ ಉಟ್ಟು ಜುಬ್ಬಾ ತೊಟ್ಟಿದ್ದೆ. ಒಳಗೆ ಹೋಮ, ಹೊಗೆ, ಜನ. ಚಿಕ್ಕ ಹಾಲ್‌ನಲ್ಲಿ ಶಾಮ್ ಊದಿದರೆ ಪುರೋಹಿತರ ಮಂತ್ರ ಕೇಳುವುದಿಲ್ಲ ಎಂದು ಗೆಳೆಯನೇ ಹೇಳಿದ, "ಬಾಗಿಲಾಚೆ ನಿಂತ್ಕೋ ಗುರೂ, ಅಲ್ಲಿಂದ ಸೌಂಡ್ ಸರಿಯಾಗಿ ಬರುತ್ತೆ." ನಿಜ, ಅದು ಬಯಲಿನ ವಾದ್ಯ. ನಿಂತೆ. ತುಂತುರು ಬೀಳುತ್ತಿತ್ತು. ಹೊಸ್ತಿಲ ಹೊರಗೆ ನಿಂತು ಊದುವಾಗ ಅಪ್ಪ ಕೂರುತ್ತಿದ್ದ ಜಗಲಿಗಳು ಕಣ್ಣಿಗೆ ಬಂದವು. ಬಂದವರು ನನ್ನ ಫೋಟೋ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಚೆನ್ನಾಗಿಯೇ ಊದಿದೆ, ಅದೇ ವಿಚಿತ್ರ.

ಪೂಜೆ ಮುಗಿದು ಎಲೆ ಹಾಕಿದರು. ಗೆಳೆಯನ ತಾಯಿ ಬೆಂಗಳೂರಿನಿಂದ ಬಂದಿದ್ದರು, ನನ್ನನ್ನು ಕಂಡವರಲ್ಲ. ಬಾಗಿಲಿಗೆ ಬಂದು ಒಳಗಿನವರಿಗೆ ಕೂಗಿ ಹೇಳಿದರು.

"ವಾಲಗದವ್ರಿಗೆ ಅಲ್ಲೇ ಗ್ಯಾರೇಜಲ್ಲಿ ಹಾಕ್ಬಿಡ್ರೇ. ಪಂಕ್ತಿ ಎದ್ಮೇಲೆ ಸಾಕು."

ಅವರ ದನಿಯಲ್ಲಿ ಕೆಡುಕಿರಲಿಲ್ಲ. ಪಾಪ, ನಮಗೂ ಊಟ ಸಿಗಬೇಕೆಂಬ ಕಾಳಜಿಯೇ ಇತ್ತು. ಅದರಿಂದಲೇ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಗಳು ಪಕ್ಕದಲ್ಲೇ ಇದ್ದಳು. ಮಾತಾಡುವಾಗ ಇಂಗ್ಲಿಷ್ ಬಂದರೂ ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ.

ಗೆಳೆಯ ಓಡಿ ಬಂದ, ಮುಖ ಕೆಂಪೇರಿತ್ತು. "ಅಮ್ಮಾ! ಇವ್ನು ನನ್ ಕಲೀಗು. ಎಂಜಿನಿಯರ್!"

ಆ ತಾಯಿ ನಾಲಿಗೆ ಕಚ್ಚಿಕೊಂಡರು. "ಅಯ್ಯೋ ದೇವ್ರೇ, ತಪ್ಪು ತಿಳ್ಕೋಬೇಡಪ್ಪ. ನಿಜವಾದ ವಾಲಗದವ್ರು ಅಂದ್ಕೊಂಡ್ಬಿಟ್ಟೆ. ಬಾ, ಒಳಗೆ ಬಾ."

ಒಳಗೆ ಹೋಗಿಬಿಡಬಹುದಿತ್ತು. ಒಂದು ಹೆಜ್ಜೆ ಇಟ್ಟೂ ಇದ್ದೆ. ಮಗಳು ನನ್ನನ್ನೇ ನೋಡುತ್ತಿದ್ದಳು.

"ನಿಜವಾದವನೇ ಅಮ್ಮ" ಅಂದೆ. "ನಮ್ಮಪ್ಪ ಊದ್ತಾ ಇದ್ರು. ಅವರಪ್ಪನೂ."

ಎಲ್ಲರೂ ಒಟ್ಟಿಗೇ ಮಾತಾಡಿದರು. ಗೆಳೆಯ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲೇ ಕೂರಿಸಿದ. ಹೋಳಿಗೆಯನ್ನು ಅವನ ತಾಯಿಯೇ ಬಡಿಸಿದರು, ಬೇಡವೆಂದರೂ ಇನ್ನೊಂದು ಹಾಕಿದರು. ತುಪ್ಪ ಎಲೆಯ ಆಚೆ ಬಿತ್ತು. ಹೇಳಿದ್ದಕ್ಕೆ ಹೆಮ್ಮೆ ಬರಬೇಕಿತ್ತು. ಬರಲಿಲ್ಲ. ಇಡೀ ಪಂಕ್ತಿಯ ಎದುರು ಬಟ್ಟೆ ಜಾರಿದವನಂತೆ ಕೂತು ಉಂಡೆ.

ಕಾರಿನಲ್ಲಿ ಮಗಳು ಕೇಳಿದಳು. "ಅಪ್ಪ, ಆರ್ ಯು ಎಂಬರಾಸ್ಡ್ ಆಫ್ ಅಜ್ಜ?"

"ಅಜ್ಜನ ಬಗ್ಗೆ ಅಲ್ಲ ಮಗಾ."

"ದೆನ್ ವಾಟ್?"

ನಾನು ವೈಪರ್ ಹಾಕಿದೆ. ಮನೆ ಬರುವವರೆಗೂ ಅವಳು ಶಾಮ್ ಇದ್ದ ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡೇ ಇದ್ದಳು.

ಸೋಮವಾರ ಗೆಳೆಯ ಕಾಫಿ ತಂದುಕೊಟ್ಟ. "ಅಮ್ಮ ತುಂಬ ನೊಂದ್ಕೊಂಡಿದಾರೆ. ನಿನ್ನನ್ನ ಕರೆಯೋ ಮುಂಚೆ ನಾನೇ ಯೋಚ್ನೆ ಮಾಡ್ಬೇಕಿತ್ತು" ಅಂದ. "ಪರವಾಗಿಲ್ಲ ಬಿಡು" ಅಂದೆ. ಈಗಲೂ ಪಕ್ಕದಲ್ಲೇ ಕೂರುತ್ತೇವೆ. ಅವನು ಮೊದಲಿಗಿಂತ ಮೆತ್ತಗೆ ಮಾತಾಡುತ್ತಾನೆ, ಅದೇ ನನಗೆ ಕಷ್ಟ.

ಮುಂದಿನ ತಿಂಗಳು ನಮ್ಮ ಗುಂಪು ಸ್ಟಾಕ್‌ಪೋರ್ಟ್ ಮಾರ್ಕೆಟ್ ಎದುರು ಹಾಡಿ ಕುಣಿಯಿತು. ಮಗಳೂ ವೃತ್ತಕ್ಕೆ ಸೇರಿ ಕುಣಿದಳು. ನಾನು ಊದುತ್ತಿದ್ದಾಗ ಜನರ ನಡುವೆ ಸೀರೆಯುಟ್ಟ ಒಬ್ಬ ಹೆಂಗಸು, ಮೊಬೈಲ್ ಹಿಡಿದ ಅವಳ ಗಂಡ ಕಂಡರು. ಕನ್ನಡದವರೋ ಅಲ್ಲವೋ ಗೊತ್ತಿಲ್ಲ. ಮುಖ ಬಿಸಿಯಾಯಿತು, ಬೆರಳೊಂದು ತಪ್ಪಿತು. ಆದರೂ ಊದುವುದನ್ನು ನಿಲ್ಲಿಸಲಿಲ್ಲ.