ಅಮಾಸಿ ದಿನದ ಬೀಗ

ನನ್ನ ಸಿಟ್ಟಿನ ಸುದ್ದಿ ಮೊದಲ ಹೇಳಿಬಿಡ್ತೇನಿ. ಬೀಗ ಹಾಕಿದ ಬಾಗಿಲ ಕಂಡ್ರ ನನಗ ಮೈ ಉರೀತಿತ್ತು. ಮೂವತ್ತೊಂದು ವರ್ಷ ಮಂದಿ ಮನಿಗೆ ಸರ್ಕಾರದ ನೋಟಿಸ ಮುಟ್ಟಿಸಿದ ಜವಾನ ನಾ, ಶಿರಹಟ್ಟಿ ಫಕೀರೇಶ. ಕಾರಖಾನಿಗೆ ಜಾಗಾ ಹಂಚೋ ಕಚೇರಿ ಅಂದ್ರ ಸಾಕು, ಅದರ ಹೆಸರು ಕೇಳಬ್ಯಾಡ್ರಿ. ಉರಿ ಬಿಸಲಾಗ ಸೈಕಲ್ ತುಳಕೊಂಡು ಹೋಗಿ, ಬೀಗಾ ನೋಡಿ ತಿರುಗಿ ಬರೋದು ಅಂದ್ರ ಏನಂತ ಫ್ಯಾನಿನ ಕೆಳಗ ಕುಂತಾವ್ರಿಗೆ ಹೆಂಗ ತಿಳೀಬೇಕು? ಅಂಥಾ ಒಂದು ಬೀಗದ ಸಲುವಾಗಿ ನನ್ನ ಪಿಂಚಣಿ ಹೋಗೋದಿತ್ತು. ಉಳಿಸಿದಾವ್ರು ಬೆಟಗೇರಿ ದ್ರಾಕ್ಷಾಯಣಕ್ಕಾರು. ಅವರ ಸುದ್ದಿ ಹೇಳಾಕನ ಕುಂತೇನಿ.

ಅಕ್ಕಾರದು ನೇಕಾರ ಮನಿತನ. ಎಂಟು ವರ್ಷದಾಕಿ ಇದ್ದಾಗ ಅವ್ವನ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಾಕ ಕುಂತಾವ್ರು, ಲಗ್ನಾಗಿ ಬಂದ ಮ್ಯಾಲ ಗಂಡ ಹನುಮಪ್ಪನ ಮಗ್ಗದ ಬಾಜೂಕ ತಮ್ಮದೊಂದು ಮಗ್ಗ ಹೂಡಿದ್ರು. ಶಾಲಿ ನಾಕನೇತ್ತಾತನಕ, ಆದ್ರ ಓದೋದು ಬರಿಯೋದು ಚಲೋ ಬರ್ತಿತ್ತು. ಹನುಮಪ್ಪ ತೀರಿಕೊಂಡ ಮ್ಯಾಲ ಪಡಸಾಲಿ ಮಗ್ಗ ಬಿಚ್ಚಿಟ್ರು, ಹಿಂದಿನ ಖೋಲಿಯಾಗ ತಮ್ಮದೊಂದನ್ನ ಉಳಿಸಿಕೊಂಡ್ರು. ಮಗಳು ವಿದ್ಯಾಶ್ರೀನ್ನ ಲಕ್ಷ್ಮೇಶ್ವರಕ್ಕ ಕೊಟ್ಟಾರ.

ಆ ಖಾಲಿ ಪಡಸಾಲಿಗೆ ಏಳು ವರ್ಷದ ಹಿಂದ ಬಾಡಿಗಿಗೆ ಬಂದಾಂವ ಮುಂಡರಗಿ ಕಡಿ ಹುಡುಗ, ಆನಂದ ಅಂತ. ಕರೆಂಟಿನ ಮ್ಯಾಲ ಓಡೋ ಸಣ್ಣ ಕಾರು ಮಾಡ್ತೇನಿ ಅಂದ. ಓಣಿ ಮಂದಿ ನಕ್ರು. ನಾಕು ಟೇಬಲ್ ಬಂದ್ವು, ಬಾಗಿಲ ಮ್ಯಾಲ ‘ಬೆಳವಲ ಮೋಟಾರ್ಸ್, ಪ್ರಧಾನ ಕಚೇರಿ’ ಅಂತ ಬೋರ್ಡು ಬಂತು, ಬಾಗಿಲ ತಗದು ಹಾಕೋ ಕೆಲಸಕ್ಕ ಅಕ್ಕಾರನ್ನ ಪಗಾರದ ಮ್ಯಾಲ ಇಟ್ಕೊಂಡ. ಎರಡು ವರ್ಷದಾಗ ಖರೇನ ಕಾರು ಓಡಿತು. ಆವಾಗ ನಮ್ಮ ಕಚೇರಿಯವ್ರು ಮುಂಡರಗಿ ರಸ್ತಾದಾಗ ಅಗ್ಗದ ದರಕ್ಕ ಜಾಗಾ ಕೊಟ್ರು, ಕಾರಖಾನಿ ಎದ್ದಿತು. ಕರಾರು ಏನಂದ್ರ, ಹತ್ತು ವರ್ಷ ಪ್ರಧಾನ ಕಚೇರಿ ಗದಗ-ಬೆಟಗೇರಿ ಬಿಟ್ಟು ಹೋಗಬಾರದು.

ಇಂಜಿನಿಯರ್ ಮಂದಿ ಎಲ್ಲಾ ಕಾರಖಾನಿಗೆ ಹೋತು. ಪಡಸಾಲ್ಯಾಗ ಉಳದದ್ದು ಬೋರ್ಡು, ಒಂದು ಟೇಬಲ್, ಒಂದು ಕಪಾಟು, ಕಂಪನಿ ಶಿಕ್ಕಾ, ಮತ್ತ ದ್ರಾಕ್ಷಾಯಣಕ್ಕಾರು. ಒಂಬತ್ತಕ್ಕ ಬಾಗಿಲ ತಗಿಯೋದು, ಬಂದ ಕಾಗದ ಇಸಕೊಂಡು ಸಹಿ ಮಾಡೋದು, ಕಾರಖಾನಿಗೆ ಫೋನ್ ಹಚ್ಚಿ ತಿಳಸೋದು, ಆರಕ್ಕ ಬಾಗಿಲ ಹಾಕೋದು. ಹಾಜರಿ ಪುಸ್ತಕದಾಗ ಇದ್ದ ಒಂದ ಹೆಸರಿನ ಮುಂದ ದಿನಾ ಸಹಿ. ನಕ್ಕೀರಿ ಮತ್ತ. ಅಕ್ಕಾರು ಆ ಬೋರ್ಡಿನ ಮುಂದ ದಿನಾ ನೀರ ಹೊಡದು ರಂಗೋಲಿ ಹಾಕಿದ್ಮ್ಯಾಲನ ಕುರ್ಚಿ ಮ್ಯಾಲ ಕುಂಡ್ರತಿದ್ರು.

ಮುಂದ ಜಗಳ ಹತ್ತಿತು. ರೊಕ್ಕಾ ಹಾಕಿದ ಮಂದಿ ಪುಣೆದಾಗ ಅದಾರ, ಪ್ರಧಾನ ಕಚೇರಿ ಅಲ್ಲಿಗೆ ಒಯ್ತೇವಿ ಅಂದ್ರು ಕಂಪನಿಯವ್ರು. ಕರಾರು ಅಂದ್ರ ಕರಾರು ಅಂದ್ರು ನಮ್ಮ ಸಾಹೇಬ್ರು. ಒಂದು ವರ್ಷ ಕಾಗದಕ್ಕ ಕಾಗದ ಕುಸ್ತಿ ಆಡಿದ್ವು. ಕಡೀಕ ನಮ್ಮವ್ರಿಗೆ ಸಂಶಯ ಬಂತು, ಇವರು ಹೇಳದ ಕೇಳದ ಆಗಲೇ ಪುಣೆಕ್ಕ ಹೋಗ್ಯಾರ, ಇಲ್ಲಿ ಬರೇ ಬೋರ್ಡು ಐತಿ ಅಂತ. ಅದಕ್ಕೊಂದು ಕಾನೂನು: ಆ ಕಚೇರಿಗೆ ಮೂರು ನೋಟಿಸ ಮುದ್ದಾಂ ಆಳ ಕಳಿಸಿ ಕೈಗೇ ಕೊಡಬೇಕು, ಒಂದು ಕೊಟ್ಟು ಮೂವತ್ತು ದಿನ ತುಂಬೋದರೊಳಗ ಇನ್ನೊಂದು. ಮೂರೂ ಸಲ ಇಸಗೊಳ್ಳಾವ್ರ ಸಿಗದಿದ್ರ ಜಾಗಾ ವಾಪಸ್.

ಮೂರೂ ನೋಟಿಸ ಒಯ್ದಾಂವ ನಾನ, ಹಿಂದಿನೆರಡೂ ಗಡುವಿನ ಕಡೀ ದಿನಕ್ಕ. ಮೂರೂ ಸಲ ಬೀಗ. ಖರೆ ಹೇಳಬೇಕಂದ್ರ ಅಲ್ಲಿ ನಂದೂ ಒಂದು ತಪ್ಪಾತು. ಬೀಗ ಇದ್ರ ಆಜೂಬಾಜೂ ಇಬ್ಬರನ್ನ ಸಾಕ್ಷಿಗೆ ಪಂಚರಂತ ಕರದು ಸಹಿ ಹಾಕಿಸ್ಕೊಂಡು, ನೋಟಿಸ ಬಾಗಿಲಿಗೆ ಅಂಟಿಸಿ ಬರಬೇಕು. ಉರಿ ಬಿಸಲು, ಹಾಳಾದ ಸಿಟ್ಟು ಬ್ಯಾರೆ. ‘ಬಾಗಿಲಿಗೆ ಬೀಗ ಇತ್ತು’ ಅಂತ ನಾನ ಬರದು ಸಹಿ ಗೀಚಿ ಮನಿ ದಾರಿ ಹಿಡದೆ. ಒಂದಲ್ಲ, ಮೂರು ಸಲ.

ಜಾಗಾ ವಾಪಸ್ ತಗೋಳ್ಳೋ ಕಾಗದ ಈ ಸಲ ಕಾರಖಾನಿಗೇ ಹೋತು. ಹೋದ ಮರುದಿನ ಕಂಪನಿ ಮ್ಯಾನೇಜರ್ ಗವಿಸಿದ್ದೇಶ ನಮ್ಮ ಕಚೇರಿಗೆ ಬಂದು ಟೇಬಲ್ ಗುದ್ದಿದ. “ನಮ್ಮ ಹೆಡ್ ಆಫೀಸು ಒಂದಿನ ಬಂದ್ ಇಲ್ಲ. ನಿಮ್ಮ ಜವಾನ ಚಾದಂಗಡ್ಯಾಗ ಕುಂತು ಬರದಾನ” ಅಂದ. ಅನ್ನಪೂರ್ಣ ಮೇಡಂ ಅಂತ ನಮ್ಮ ಅಧಿಕಾರಿ, ನನ್ನ ಕರದು ಕೇಳಿದ್ರು.

“ಹೋಗಿದ್ಯಾ ಫಕೀರೇಶಪ್ಪ?”

“ಮೂರೂ ಸಲ ಹೋಗೇನ್ರಿ.”

“ಪಂಚರ ಸಹಿ ಎಲ್ಲಿ?”

ಮೇಡಂ ನಾ ಬರದ ಮೂರೂ ಕಾಗದ ನನ್ನ ಮುಂದ ಇಟ್ರು. ಸುಳ್ಳು ಬರದದ್ದು ಅಂತ ಸಾಬೀತಾದ್ರ ನೌಕರಿ ಹೋಗತೈತಿ, ಪಿಂಚಣೀನೂ ಹೋಗತೈತಿ, ವಿಚಾರಣಿ ಆ ಬೆಟಗೇರಿ ಕಚೇರ್ಯಾಗನ ಮಾಡ್ತೇನಿ ಅಂದ್ರು. ನನ್ನ ನೌಕರಿ ಉಳದದ್ದು ಐದು ತಿಂಗಳು. ಮನ್ಯಾಗ ಹೇಳಲಿಲ್ಲ.

ಬುಧವಾರ ಹೋದ್ವಿ. ಅಕ್ಕಾರನ್ನ ಮಾರಿಗೆ ಮಾರಿ ನೋಡಿದ್ದು ಅವತ್ತ ಮೊದಲು. ಸಣ್ಣ ಆಳು, ನೇಯ್ದು ನೇಯ್ದು ಬೆನ್ನು ಜರಾ ಬಾಗೇತಿ. ಗವಿಸಿದ್ದೇಶ ಕಿಡಕಿ ಕಡೆ ನಿಂತಿದ್ದ, ಆರಾಮ ಇದ್ದ. ಅವನ ಆರಾಮ ನೋಡೇ ನನ್ನ ಜೀವ ಅರ್ಧ ಹೋಗಿತ್ತು. ನನ್ನ ಹಣೇಬರಾ ಆ ಅಕ್ಕಾರ ಒಂದು ಮಾತಿನ ಮ್ಯಾಲ ನಿಂತಿತ್ತು, ಆ ಅಕ್ಕಾರು ಅವನ ಕಡಿಂದ ಪಗಾರ ತಗೋಳ್ಳಾವ್ರು.

“ಈ ಜವಾನ ನಿಮ್ಮ ಆಫೀಸಿಗೆ ಬಂದಿದ್ನೇನಮ್ಮಾ?” ಮೇಡಂ ಕೇಳಿದ್ರು.

ಅಕ್ಕಾರು ನನ್ನ ನೋಡಿದ್ರು. “ಇವರನ್ನ ನಾ ನೋಡಿಲ್ರಿ.”

ಮುಗೀತು ಅಂದ್ಕೊಂಡೆ.

“ನೋಡಿಲ್ಲ ಅಂದಕೂಡ್ಲೆ ಬಂದಿಲ್ಲ ಅಂತಲ್ರಿ” ಅಂದ್ರು ಅಕ್ಕಾರು. “ಯಾವ್ಯಾವ ತಾರೀಖಿಗೆ ಬಂದಿದ್ರಂತ?”

ಮೇಡಂ ಮೂರು ತಾರೀಖು ಓದಿದ್ರು. ಅಕ್ಕಾರು ಒಳಗ ಹೋಗಿ ಮಗ್ಗದ ಗೋಡಿಗೆ ತೂಗಬಿಟ್ಟಿದ್ದ ಕ್ಯಾಲೆಂಡರ್ ತಂದು ಟೇಬಲ್ ಮ್ಯಾಲ ಹರವಿದ್ರು. ಮೂರು ಹಾಳಿ ತಿರುವಿದ್ರು. ಮೂರೂ ತಾರೀಖಿನ ಮ್ಯಾಲ ಕರೇ ಚಂದ್ರ.

“ಅಮಾಸಿ ಐತ್ರಿ ಮೇಡಂ, ಮೂರೂ. ಅಮಾಸಿಗೆ ಬೀಗ ಹಾಕಿರ್ತೇನ್ರಿ ನಾ. ಇವರು ಬಂದಿದ್ದು ಖರೆ ಇರಬೇಕು.”

ನೇಕಾರ ಓಣ್ಯಾಗ ಅಮಾಸಿ ದಿನ ಮಗ್ಗ ಮುಟ್ಟೂದಿಲ್ಲ. ಮುಂಜಾನೆದ್ದು ಮಗ್ಗದ ಕುಣಿ ಉಡುಗಿ, ಲಾಳಿಗೆ ಕುಂಕುಮ ಹಚ್ಚಿ, ಕಾಯಿ ಒಡದು, ಅಕ್ಕಾರು ಬಾಗಿಲ ಹಾಕ್ಕೊಂಡು ಲಕ್ಷ್ಮೇಶ್ವರ ಬಸ್ ಹತ್ತತಿದ್ರು. ಸೋಮೇಶ್ವರನ ಗುಡಿಗೆ ಹೋಗಿ, ಮಗಳ ಮನ್ಯಾಗ ಉಂಡು, ಸಂಜೀಕ ತಿರುಗಿ ಬರೋದು. ಇಂಜಿನಿಯರ್ ಮಂದಿ ಹೋದ ಮ್ಯಾಲ ಪ್ರಧಾನ ಕಚೇರೀನೂ ಹಂಗ ನಡದಿತ್ತು. ಅವರ ಜೀವಮಾನದಾಗ ಅಮಾಸಿಗೆ ನಡದ ಕೆಲಸಾನ ಅವರು ಕಂಡಿಲ್ಲ. ಮಗ್ಗ ಆಗಲಿ ಮೋಟಾರು ಆಗಲಿ, ಅಮಾಸಿಗೆ ಎಲ್ಲಾ ಬಂದ್ ಇರತೈತಿ ಅಂತನ ತಿಳದಿದ್ರು.

“ಅವತ್ತು ರಜಾ ಅಂತ ನಿಮಗೆ ಯಾರು ಕೊಟ್ಟಿದ್ದು?” ಮೇಡಂ ಕೇಳಿದ್ರು.

“ಅಮಾಸಿಗೆ ರಜಾ ಯಾರರೆ ಕೊಡಬೇಕೇನ್ರಿ?”

ಮೇಡಂ ಹಾಜರಿ ಪುಸ್ತಕ ತಿರುವ್ಯಾಡಿದ್ರು. ಅಮಾಸಿ ಎಲ್ಲಾ ಖಾಲಿ. ಆದ್ರ ಒಂದು ಕಡೆ ಬಟ್ಟು ನಿಂತಿತು. “ಆಯತವಾರ ಎಲ್ಲಾ ಸಹಿ ಐತಲ್ಲ? ರಜಾ ದಿನ, ಆಯತವಾರ, ಇಲ್ಲಿ ಯಾರಿರ್ತಾರ?”

“ನಾ ಇರ್ತೇನ್ರಿ. ಆಯತವಾರ ಮಗ್ಗ ನಡೀತಾವಲ್ರಿ.”

ಏಳು ವರ್ಷ, ಎಲ್ಲಾ ಆಯತವಾರ, ಒಂಬತ್ತರಿಂದ ಆರರತನಕ ಆ ಬೋರ್ಡಿನ ಕೆಳಗ ಒಬ್ಬರ ಕುಂತಾರ. ಒಂದು ನರಪಿಳ್ಳಿ ಬಂದಿಲ್ಲ. ಮೇಡಂ ಪೆನ್ನು ಕೆಳಗಿಟ್ರು.

ಗವಿಸಿದ್ದೇಶ ಮುಂದ ಬಂದ. “ಅಕ್ಕಾ, ನಿಮಗ ಏನ್ ಹೇಳಿದ್ದೆ ನಾ?” ಅಂದ, ಮೇಡಂ ಎದುರಿಗೇ. ಬುದ್ಧಿಗೇಡಿ.

“ಹೇಳಿದ್ರಿ, ಇಲ್ಲ ಅನ್ನಂಗಿಲ್ಲ” ಅಂದ್ರು ಅಕ್ಕಾರು. ಮೇಡಂ ಕಡೆ ತಿರುಗಿದ್ರು. “ಬಾಗಿಲ ತಗದ ಇತ್ತು, ಯಾರೂ ಬಂದಿಲ್ಲ ಅನ್ರಿ, ಕಾರಖಾನ್ಯಾಗ ನೌಕರಿ ಪಕ್ಕಾ ಮಾಡ್ತೇನಿ ಅಂದಿದ್ರು ಇವರು. ನನಗ ನೌಕರಿ ಬೇಕ್ರಿ, ಮಗ್ಗದ ಮ್ಯಾಲ ಹೊಟ್ಟಿ ತುಂಬೂದಿಲ್ಲ ಈಗ. ಆದ್ರ ಬೀಗ ಹಾಕಿದಾಕಿ ನಾ. ನನ್ನ ಬೀಗಕ್ಕ ಈ ಅಣ್ಣಾರ ಅನ್ನಕ್ಕ ಕಲ್ಲು ಬೀಳೂದು ಬ್ಯಾಡ.”

ಆ ಮಾತು ಕೇಳಿ ನನಗ ನಾಚಿಕಿ ಆತು. ಪಂಚರನ್ನ ಕರೀಲಾರದ್ದು ನನ್ನ ತಪ್ಪು. ಒಬ್ಬರನ್ನ ಕೇಳಿದ್ರೂ ಸಾಕಿತ್ತು, ಅಮಾಸಿ ಐತಪಾ ನಾಳೆ ಬಾ ಅಂತಿದ್ರು. ಆ ಮಾತು ನಾ ಅಲ್ಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಪಿಂಚಣಿ ಉಳೀತಲ್ಲ ಅನ್ನೋ ಖುಷಿಗೆ ಬಾಯಿ ಮುಚ್ಚಿಕೊಂಡು ನಿಂತೆ.

ನನಗೊಂದು ಎಚ್ಚರಿಕಿ ಕಾಗದ ಕೊಟ್ಟು ಬಿಟ್ರು. ಕಚೇರಿ ಅಲ್ಲೇ ಐತಿ ಅಂತ ಆದಮ್ಯಾಲ ಜಾಗಾ ವಾಪಸ್ ತಗೋಳ್ಳೋದೂ ನಿಂತಿತು. ಅಂದ್ರ ಅಕ್ಕಾರು ಖರೆ ಹೇಳಿದ್ರಿಂದ ನಾನೂ ಉಳದೆ, ಕಾರಖಾನೀನೂ ಉಳೀತು. ಆದ್ರೂ ಗವಿಸಿದ್ದೇಶಂಗ ಸಿಟ್ಟು ಇಳೀಲಿಲ್ಲ. ಕಾರಖಾನ್ಯಾಗ ವೈರು ಜೋಡಸೋ ಕೆಲಸಕ್ಕ ಬೆಟಗೇರಿ ಹೆಣ್ಣಮಕ್ಕಳನ್ನ ಹುಡುಕಿ ತಗೋತಾರ, ಎಳಿ ಹಿಡದ ಬಟ್ಟು ಅಂತ. ಅಲ್ಲಿ ನಿಮಗ ಜಾಗಾ ಇಲ್ಲ, ಈ ಬೋರ್ಡು ಹೋದ ದಿನ ನಿಮ್ಮ ಕೆಲಸಾನೂ ಹೋತು ಅಂತ ಅಕ್ಕಾರಿಗೆ ಹೇಳಿ ಹೋದ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೋದು ಅಂದ್ರ ಇದ ನೋಡ್ರಿ.

ನಾಕು ತಿಂಗಳ ಮ್ಯಾಲ ಎರಡೂ ಕಡ್ಯಾವ್ರು ರಾಜಿ ಆದ್ರು. ಕಾರಖಾನಿ, ಕೆಲಸದ ಮಂದಿ ಹತ್ತು ವರ್ಷ ಇಲ್ಲೇ ಇರಬೇಕು, ಪ್ರಧಾನ ಕಚೇರಿ ಪುಣೆಕ್ಕ ಒಯ್ಯಬಹುದು. ಆ ಹುಕುಂ ಬೆಟಗೇರಿ ವಿಳಾಸಕ್ಕ ಮುದ್ದಾಂ ಮುಟ್ಟಿಸಬೇಕಂತ ನನ್ನ ಕೈಯಾಗ ಕೊಟ್ರು. ನನ್ನ ನೌಕರಿಯ ಕಡೀ ತಿಂಗಳದು. ಇವತ್ತ ಮುಟ್ಟಬೇಕು ಅಂತ ತಾರೀಖು ಹಾಕಿ ಕೊಟ್ರು.

ಸೈಕಲ್ ತುಳಕೊಂಡು ಹೋದೆ. ಬಾಗಿಲಿಗೆ ಬೀಗ. ಈ ಸಲ ಚೀಲದಾಗ ಗೋಂದು ಇತ್ತು, ಎದುರು ಕಟ್ಟಿ ಮ್ಯಾಲ ಮರಿಯವ್ವ ಅನ್ನೋ ಮುದುಕಿ, ಆಕಿ ಮಗ ಇಬ್ಬರೂ ಕುಂತಿದ್ರು, ಪಂಚರಾಗ್ತೇವಿ ಅಂದ್ರು. ಅಂಟಿಸಿದ್ರ ನನ್ನ ಕೆಲಸ ಮುಗೀತಿತ್ತು. ಮಗಳ ಮನ್ಯಾಗ ಉಂಡು ಬಂದಾವ್ರು ಸಂಜೀಕ ಬಾಗಿಲದಾಗ ನಿಂತು ತಮ್ಮ ಕೆಲಸ ಹೋದ ಕಾಗದ ಓದಬೇಕು. ನನ್ನಿಂದ ಆಗಲಿಲ್ಲ. ಕಾಗದ ಚೀಲಕ್ಕ ಹಾಕ್ಕೊಂಡು ತಿರುಗಿ ಬಂದೆ.

ಮರುದಿನ ಒಂಬತ್ತಕ್ಕ ಹೋದೆ. ಬೋರ್ಡಿನ ಮುಂದ ರಂಗೋಲಿ ಹಸೀ ಇತ್ತು. ಅಕ್ಕಾರು ನಿಂತ ಕಾಗದ ಪೂರ್ತಿ ಓದಿದ್ರು, ಅವಸರ ಮಾಡಲಿಲ್ಲ. ಓದಿ ನನ್ನ ಮಾರಿ ನೋಡಿದ್ರು.

“ಇದು ನಿನ್ನಿ ಮುಟ್ಟಬೇಕಿತ್ತಲ್ರಿ ಅಣ್ಣಾರ. ತಡ ಆದ್ರ ನಿಮಗ ತ್ರಾಸ ಆಗೂದಿಲ್ಲೇನ್ರಿ?”

“ನಿನ್ನಿ ಅಮಾಸಿ ಇತ್ರಿ ಅಕ್ಕಾರ” ಅಂದೆ.

ಅಕ್ಕಾರು ಕುಂತು ಸಹಿ ಮಾಡಿದ್ರು, ಅವತ್ತಿನ ಖರೇ ತಾರೀಖು ಹಾಕಿದ್ರು, ಶಿಕ್ಕಾ ಒತ್ತಿದ್ರು. ಶಿಕ್ಕಾ ಕಪಾಟಿನಾಗ ಇಡಾಕ ಎದ್ದಾವ್ರು ಹಂಗ ನಿಂತು ಸೆರಗಿಲೆ ಕಣ್ಣು ಒರಸಿಕೊಂಡ್ರು.

“ಏಳು ವರ್ಷದಾಗ ನನಗ ರಜಾ ಅಂತ ಕೊಟ್ಟಾವ್ರು ನೀವೊಬ್ಬರ ನೋಡ್ರಿ.”

ನನ್ನ ಕಣ್ಣಾಗೂ ನೀರು ಬಂತು. ಬೋರ್ಡು ಇಳಸಾಕ ಅಕ್ಕಾರು ಸ್ಟೂಲ್ ತಂದ್ರು. ನಾ ಸ್ಟೂಲ್ ಗಟ್ಟಿ ಹಿಡಕೊಂಡು ನಿಂತೆ.